ಕೌಟುನನ ಬಬಾಯ್ ಗುಂಡಿ

ಸಾಯುವ ಹಿಂದಿನ ದಿನ ಒಬ್ಬ ತಂದೆ ತನ್ನ ಕಿರಿಯ ಮಗನಿಗೆ "ಇನ್ನೊಂದಿದೆ, ನಾಳೆ ಹೇಳ್ತೀನಿ" ಎಂದ. ಆ ಇನ್ನೊಂದು ಯಾವುದು? ಈ ಪ್ರಶ್ನೆಗೆ ಉತ್ತರ ಬಲ್ಲವರು ಅಬಾಯಂಗ್ ಎಂಬ ಹವಳದ ದ್ವೀಪದಲ್ಲಿ ಯಾರೂ ಇಲ್ಲ, ಇನ್ನು ಮುಂದೆ ಸಿಗುವಂತೆಯೂ ಇಲ್ಲ. ಅದು ಗಿಡದ ಬುಡಕ್ಕೆ ಸೇರಬೇಕಾದ ಐದನೆಯ ಎಲೆಯ ಹೆಸರಾಗಿರಬಹುದು, ಒಂದು ಮಂತ್ರವಾಗಿರಬಹುದು, ಯಾರಿಂದಲೋ ಕೇಳಿ ತಂದ ಬಲೆಯನ್ನು ಹಿಂದಿರುಗಿಸಬೇಕೆಂಬ ಸಾಮಾನ್ಯ ಮಾತೂ ಆಗಿರಬಹುದು. ಮಗ ಮಾತ್ರ ಮೊದಲನೆಯದನ್ನೇ ನಂಬಿದ. ಅವನ ಹೆಸರು ಕೌಟುನ.

ಎರಡನೆಯ ಮಹಾಯುದ್ಧ ಮುಗಿದ ಮೂರನೆಯ ವರ್ಷ ಹುಟ್ಟಿದವನು ಅವನು. ಮನೆಯ ಹಿತ್ತಿಲಿನಲ್ಲಿ, ದ್ವೀಪದ ನಡುಭಾಗಕ್ಕೆ ಸರಿದು, ಇಪ್ಪತ್ತು ಹೆಜ್ಜೆ ಉದ್ದ ಹನ್ನೆರಡು ಹೆಜ್ಜೆ ಅಗಲದ ಒಂದು ಗುಂಡಿ ಇತ್ತು. ಹವಳದ ಕಲ್ಲನ್ನು ಒಡೆದು, ಒಬ್ಬನ ಹೆಗಲ ಮೇಲೆ ಇನ್ನೊಬ್ಬ ನಿಂತರೂ ತಲೆ ಕಾಣದಷ್ಟು ಆಳಕ್ಕೆ ಅದನ್ನು ಅಗೆದವರ ಹೆಸರು ಯಾರಿಗೂ ನೆನಪಿಲ್ಲ. ತಳದಲ್ಲಿ ಕಪ್ಪು ಕೆಸರು, ಹಿಮ್ಮಡಿ ಮುಳುಗುವಷ್ಟು ಸಿಹಿನೀರು. ಅಲ್ಲಿ ಬೆಳೆಯುವುದು ಬಬಾಯ್. ಅದು ಕೆಸುವಿನ ಬಳಗದ್ದೇ, ಆದರೆ ಎಲೆಯ ಅಡಿಯಲ್ಲಿ ಮನುಷ್ಯ ನೆಟ್ಟಗೆ ನಿಲ್ಲಬಹುದು; ಗೆಡ್ಡೆ ಪೂರ್ತಿ ಬಲಿಯಲು ಹತ್ತು ಹದಿನೈದು ವರ್ಷ ಬೇಕು. ದಿನದ ಹೊಟ್ಟೆಗೆ ಮೀನು, ತೆಂಗು, ದೀವಿಹಲಸು ಸಾಕು. ಬಬಾಯ್ ಬೇಕಾಗುವುದು ಮದುವೆಗೆ, ಕ್ರಿಸ್‌ಮಸ್‌ಗೆ, ಊರಿನ ಸಭಾಮನೆಯಾದ ಮನೇಬಾದಲ್ಲಿ ನಡೆಯುವ ಔತಣಕ್ಕೆ. ಅಲ್ಲಿ ಮನೆತನದ ಮುಂದೆ ಇಟ್ಟ ಗೆಡ್ಡೆಯ ಗಾತ್ರವೇ ಆ ಮನೆತನದ ಮಾತಿನ ಗಾತ್ರ.

ಬರಿಯ ಹವಳದ ಮರಳಿನಲ್ಲಿ ಅಂಥ ಗಿಡ ಬೆಳೆಯುವುದಿಲ್ಲ. ಅದಕ್ಕೆ ಮಣ್ಣನ್ನೇ ತಯಾರಿಸಿ ಕೊಡಬೇಕು. ಪ್ರತಿ ಗಿಡದ ಸುತ್ತ ತಳವಿಲ್ಲದ ಬುಟ್ಟಿ ಹೆಣೆದು, ಯಾವ ಎಲೆಯನ್ನು ಎಷ್ಟು ಒಣಗಿಸಿ, ಯಾವುದರ ಮೇಲೆ ಯಾವುದನ್ನು, ಯಾವ ಕಾಲದಲ್ಲಿ ತುಂಬಬೇಕು ಎಂಬುದು ಆಯಾ ಮನೆಯ ಗುಟ್ಟು. ಮುಪ್ಪಿನಲ್ಲಿ ಆರೈಕೆ ಮಾಡಿದ ಒಬ್ಬರಿಗೆ ಮಾತ್ರ ಅದನ್ನು ಹೇಳುತ್ತಾರೆ. ಗುಂಡಿಯೂ ಅವರಿಗೇ ಸೇರುತ್ತದೆ. ಇನ್ನೊಬ್ಬರ ಗುಂಡಿಯ ಅಂಚಿನಲ್ಲಿ ನಿಂತು ಕೆಳಗೆ ನೋಡುವುದು ಕದಿಯುವುದಕ್ಕೆ ಸಮ. ಹಾಗಾಗಿ ಎಲ್ಲ ಗುಂಡಿಗಳಿಗೂ ತೆಂಗಿನ ಗರಿಯ ಎತ್ತರದ ತಟ್ಟಿಬೇಲಿ.

ಕೌಟುನನ ಅಣ್ಣ ಸರಕು ಹಡಗುಗಳಲ್ಲಿ ದುಡಿಯುತ್ತಿದ್ದ. ತಂದೆಯ ಮಲಮೂತ್ರ ಬಳಿದವನು ಕೌಟುನ. ಆದ್ದರಿಂದ ತಂದೆ ಮೂರು ಬೆಳಗು ಅವನ ಕಿವಿಗೆ ನಾಲ್ಕು ಎಲೆಗಳ ಕ್ರಮವನ್ನು ಹೇಳಿದ. ಮೂರನೆಯ ದಿನ "ಇನ್ನೊಂದಿದೆ" ಎಂದ. ನಾಲ್ಕನೆಯ ದಿನ ಅವನಿಗೆ ಬೆಳಗಾಗಲಿಲ್ಲ.

ಮೂವತ್ತು ವರ್ಷ ಆ ಮಾತು ಕೌಟುನನನ್ನು ಕಾಡಲಿಲ್ಲ. ಗಿಡಗಳು ಕೊಬ್ಬಿ ಬೆಳೆದವು. ಅವನ ಗೆಡ್ಡೆಯನ್ನು ಇಬ್ಬರು ಗಳುವಿಗೆ ಕಟ್ಟಿ ಹೊತ್ತು ತಂದ ವರ್ಷಗಳೂ ಇದ್ದವು. ಆಮೇಲೆ ಒಂದು ಒಣಗಾಲದಲ್ಲಿ ಎಲೆಯೊಂದರ ಅಂಚು ಕಾವಲಿಯ ಮೇಲೆ ಬಿಟ್ಟ ರೊಟ್ಟಿಯಂತೆ ಕಂದಾಯಿತು. ಮರುವರ್ಷ ಆರು ಗಿಡಗಳಲ್ಲಿ. ಅವನು ಬೇಲಿಯನ್ನು ಒಂದು ಗರಿಯಷ್ಟು ಎತ್ತರಿಸಿದ.

ಅಣ್ಣನ ಮಗಳು ತೆಬೋರಾ ಅವನನ್ನು ನೋಡಿಕೊಳ್ಳಲು ಬಂದದ್ದು ಅದಾಗಿ ಏಳನೆಯ ವರ್ಷ. ಕಳ್ಳು ಇಳಿಸಲು ತೆಂಗಿನ ಮರ ಹತ್ತಿದವನು ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದ. ಹೆಂಡತಿ ಎಂದೋ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ತೆಬೋರಾಗೆ ಆಗ ಮೂವತ್ತೆಂಟು. ರಾಜಧಾನಿ ದಕ್ಷಿಣ ತರಾವಾದ ಇಕ್ಕಟ್ಟಿನಲ್ಲಿ, ಬೇರೆಯವರ ನೆಲದ ಮೇಲೆ ಬೇರೆಯವರ ಸೂರಿನಡಿ ಹದಿನಾರು ವರ್ಷ ಕಳೆದು, ಒಂದು ಚಾಪೆ, ಒಂದು ಹೊಲಿಗೆ ಯಂತ್ರದೊಂದಿಗೆ ಅವಳು ಬಂದಳು. ತನಗೆ ಏನು ಬೇಕೆಂದು ಅವಳು ತನ್ನಲ್ಲೇ ಮುಚ್ಚಿಟ್ಟುಕೊಳ್ಳಲಿಲ್ಲ. ಗುಂಡಿ ಬೇಕಿತ್ತು, ಗುಂಡಿಯ ಜೊತೆ ಅದನ್ನು ಬದುಕಿಸುವ ಮಾತು ಬೇಕಿತ್ತು. ಗುಂಡಿ ಇದ್ದವರನ್ನು ಮನೇಬಾದಲ್ಲಿ ಯಾರೂ "ನೀನೆಲ್ಲಿಯವಳು" ಎಂದು ಕೇಳುವುದಿಲ್ಲ.

ಜ್ಯೇಷ್ಠಾ ನಕ್ಷತ್ರ ಸಂಜೆ ಮೂಡಣದಲ್ಲಿ ಕಂಡಾಗ ಒಣಗಾಲ. ಆಗ ಎಲೆ ಕೂಡಿಸುವ ಕೆಲಸ. ಹಳದಿ ಹೂವಿನ ಕೌರ ಗಿಡ, ಊರಿ ಮರ, ದೀವಿಹಲಸು, ಇನ್ನೂ ಯಾವ್ಯಾವುದೋ. ಕೌಟುನ ಬೇಕೆಂದೇ ಒಂಬತ್ತು ಬಗೆಯ ಎಲೆ ತರಿಸುತ್ತಿದ್ದ. ಅವುಗಳಲ್ಲಿ ಐದು ಸುಮ್ಮನೆ, ನೋಡುವವರ ಕಣ್ಣಿಗೆ ಮಣ್ಣೆರಚಲು. ಎಲೆ ಒಣಗಿದ ಮೇಲೆ "ನೀ ಹೋಗಿ ಬಾಳೆಗೆ ನೀರು ಹಾಕಮ್ಮ" ಎಂದು ಅವಳನ್ನು ಕಳಿಸಿ, ಕೋಲೂರಿಕೊಂಡು ಒಬ್ಬನೇ ಗುಂಡಿಗೆ ಇಳಿಯುತ್ತಿದ್ದ. ಅವಳು ಪಾತ್ರೆ ತೊಳೆದ ನೀರನ್ನು ಬಾಳೆಗೆ ಸುರಿಯುತ್ತಿದ್ದಳು, ಮೀನಿನ ಮುಳ್ಳನ್ನು ಕುಂಬಳದ ಬುಡದಲ್ಲಿ ಹೂಳುತ್ತಿದ್ದಳು, ತುಕ್ಕು ಹಿಡಿದ ಮಾಂಸದ ಡಬ್ಬಿಗಳನ್ನು ಚಪ್ಪಟೆ ಬಡಿದು ಎಲೆ ಹಳದಿಯಾದ ಗಿಡದ ಪಕ್ಕ ನೆಡುತ್ತಿದ್ದಳು. ಸುಣ್ಣವೇ ತುಂಬಿದ ಮರಳಿನಲ್ಲಿ ಕಬ್ಬಿಣ ಬೇರಿಗೆ ಸಿಗುವುದಿಲ್ಲ ಎಂದು ಪುಸ್ತಕಗಳು ಬರೆದದ್ದು ಆಮೇಲೆ; ಡಬ್ಬಿ ಹೂಳುವುದು ಇಲ್ಲಿ ಅಜ್ಜಿಯರಿಗೂ ಗೊತ್ತಿತ್ತು. ಈ ಹಿತ್ತಿಲಿನಲ್ಲಿ ಬಿಸಾಡುವುದು ಎಂಬುದೇ ಇರಲಿಲ್ಲ. ಇಷ್ಟೆಲ್ಲ ಇದ್ದೂ ಗುಂಡಿಯಲ್ಲಿ ಗಿಡಗಳು ಸೊರಗುತ್ತಿದ್ದವು.

ಪಕ್ಕದ ಗುಂಡಿ ಬೌರೊನದು, ಮೂವತ್ತು ಹೆಜ್ಜೆ ಆಚೆ. ಕೌಟುನನ ಓರಗೆಯವನು, ಒಟ್ಟಿಗೆ ಈಜು ಕಲಿತವನು. ದಿನಾ ಬೆಳಿಗ್ಗೆ ಎಲೆಯ ಬುಟ್ಟಿ ಹೆಗಲಿಗೇರಿಸಿ ಇವರ ಹಿತ್ತಿಲ ದಾರಿಯಲ್ಲೇ ಹೋಗುತ್ತಿದ್ದ.

"ಏನೋ ಕೌಟುನಾ, ಗುಂಡಿ ಕಾಯೋಕೆ ಆಳಿಟ್ಕೊಂಡ್ಯಂತೆ?"

"ಆಳಲ್ಲ, ಅಣ್ಣನ ಮಗಳು."

"ಅಣ್ಣನಿಂದ ಮುಚ್ಚಿಟ್ಟಿದ್ದನ್ನ ಮಗಳಿಗೆ ಹೇಳ್ತೀಯಾ ಹಾಗಾದ್ರೆ?"

"ನಿನಗ್ಯಾಕೋ ಅದು? ನಿನ್ನ ಕಿವಿ ನಿನ್ನ ಗುಂಡೀಲಿರ್ಲಿ."

"ನನ್ನ ಗುಂಡೀಲಿ ಕಿವಿ ಇಡೋಕೂ ಜಾಗ ಇಲ್ವಲ್ಲೋ. ಎಲೆ ಮೇಲೆ ಎಲೆ." ಬೌರೊ ತೆಬೋರಾ ಕಡೆ ತಿರುಗಿದ. "ಹುಷಾರಮ್ಮ. ವರ್ಷಗಟ್ಲೆ ಸೊಂಟಕ್ಕೆ ಎಣ್ಣೆ ತಿಕ್ಕಿಸ್ಕೊಂಡು ಕೊನೇಗೆ ಖಾಲಿ ಬುಟ್ಟಿ ಕೈಗೆ ಕೊಟ್ಟಾನು ಇವ್ನು. ಜಿಪುಣ."

ಅವನು ಹೋದ ಮೇಲೆ ಕೌಟುನ ಬೌರೊನ ಬೇಲಿಯ ಕಡೆ ನೋಡುತ್ತ ಕುಳಿತಿದ್ದ. ಬುಟ್ಟಿ ಕವುಚಿದ ಸದ್ದು, ಒಣ ಎಲೆ ಜಾರಿದ ಸದ್ದು ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ಅವನಪ್ಪ ಪೂರ್ತಿ ಹೇಳಿ ಸತ್ತ," ಎಂದ.

ಕೃತ್ತಿಕೆ ಮೇಲೇರಿ ಪಡುವಣ ಗಾಳಿ ತಿರುಗಿದಾಗ ಮಳೆಗಾಲ. ಆ ವರ್ಷ ಗಾಳಿ ಬಂತು, ಮಳೆ ಅರ್ಧ ಬಂತು. ಹುಣ್ಣಿಮೆಯ ದೊಡ್ಡ ಉಬ್ಬರದಲ್ಲಿ ಸಮುದ್ರ ರಸ್ತೆ ದಾಟಿ ತೆಂಗಿನ ಬುಡದವರೆಗೆ ಬಂದು, ಎರಡು ದಿನ ನಿಂತು, ನೊರೆ ಬಿಟ್ಟು ಹೋಯಿತು. ಕೌಟುನನ ಗುಂಡಿಗೆ ಅದು ಮುಟ್ಟಲಿಲ್ಲ. ಆದರೂ ಮೂವತ್ತೊಂದು ಗಿಡಗಳಲ್ಲಿ ಹದಿನಾಲ್ಕು ಉಳಿದವು.

ಆಗ ತೆಬೋರಾ, ಚಿಕ್ಕಪ್ಪನಿಗೆ ಹೇಳದೆ, ಕೃಷಿ ಇಲಾಖೆಯ ಮಿಮಿತಾಳನ್ನು ಕರೆದಳು. ಹನ್ನೊಂದು ವರ್ಷದಿಂದ ದ್ವೀಪದಲ್ಲಿರುವ, ಸೈಕಲ್ ಮೇಲೆ ತಿರುಗುವ ಹೆಂಗಸು. ಅವಳು ಬಂದಾಗ ಕೌಟುನ ಮುಖ ತಿರುಗಿಸಿದ. ಕೊನೆಗೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡಾದರೂ ಇಳಿಯುತ್ತೇನೆಂದು ಅವಳು ತಮಾಷೆ ಮಾಡಿದ ಮೇಲೆ ಒಪ್ಪಿದ. ಅವಳು ಅಳತೆಯ ಕಡ್ಡಿಯನ್ನು ನೀರಿಗೆ ಅದ್ದಿದಳು. ಅಂಕಿ ಏರುತ್ತ ಹೋಗಿ ನಿಂತಿತು.

"ತಾತ, ಇದು ನಿಮ್ಮ ಎಲೆ ತಪ್ಪಲ್ಲ. ನೀರೇ ಉಪ್ಪಾಗಿದೆ."

"ಕುಡಿದು ನೋಡಿದ್ದೀನಿ. ಸಪ್ಪೆ ಇದೆ."

"ನಮ್ಮ ನಾಲಿಗೆಗೆ ಗೊತ್ತಾಗೋಕೆ ಮುಂಚೆ ಬೇರಿಗೆ ಗೊತ್ತಾಗುತ್ತೆ."

ಅವಳು ವಿವರಿಸಿದಳು. ದ್ವೀಪದ ಕೆಳಗೆಲ್ಲ ಉಪ್ಪುನೀರೇ. ಮಳೆಯ ಸಿಹಿನೀರು ಹಗುರವಾದ್ದರಿಂದ ಅದರ ಮೇಲೆ, ಗಂಜಿಯ ಮೇಲಿನ ಕೆನೆಯಂತೆ, ತೇಲುತ್ತಿರುತ್ತದೆ. ಮಳೆ ಕಡಿಮೆಯಾದರೆ ಕೆನೆ ತೆಳುವಾಗುತ್ತದೆ. ಪಂಪು ಹಾಕಿ ಎಳೆದರೂ, ರಸ್ತೆಗೆಂದು ಹವಳ ಅಗೆದರೂ, ಸಮುದ್ರವೇ ಏರಿದರೂ ಹಾಗೆಯೇ. ಈ ನಾಲ್ಕರಲ್ಲಿ ಯಾವುದು ಎಷ್ಟು ಪಾಲು ಎಂದು ಕೇಳಿದರೆ ಅವಳಲ್ಲಿ ಉತ್ತರವಿರಲಿಲ್ಲ. ಉತ್ತರ ಇದೆಯೆಂದು ನಟಿಸಲೂ ಇಲ್ಲ.

ಕೌಟುನ ಎಲ್ಲವನ್ನೂ ಕೇಳಿಸಿಕೊಂಡ. "ಸರಿ. ನನ್ನ ಗುಂಡಿ ಕೆಳಗಿರೋ ನೀರು, ಬೌರೊ ಗುಂಡಿ ಕೆಳಗಿರೋ ನೀರು ಒಂದೇನಾ, ಬೇರೆ ಬೇರೇನಾ?"

"ಒಂದೇ, ತಾತ."

"ಮೂವತ್ತು ಹೆಜ್ಜೆ. ಇಲ್ಲಿ ಉಪ್ಪು, ಅಲ್ಲಿ ಸಿಹಿ, ಹಾಗಾಗುತ್ತಾ?"

"ಆಗಲ್ಲ."

"ಅವ್ನು ಪ್ರತಿ ಕ್ರಿಸ್‌ಮಸ್‌ಗೂ ಗೆಡ್ಡೆ ತರ್ತಾನೆ. ಹೋದ ವರ್ಷದ್ದನ್ನ ನಾನೇ ತಿಂದಿದ್ದೀನಿ. ಹಾಗಾದ್ರೆ ತಪ್ಪು ನೀರಲ್ಲಿಲ್ಲ ಕಣಮ್ಮ, ನನ್ನ ಬುಟ್ಟೀಲಿದೆ."

ಇಂಥ ತರ್ಕದಲ್ಲಿ ಬಿರುಕು ಹುಡುಕುವುದು ಕಷ್ಟ. ಒಂದೇ ನೀರು, ಒಂದೇ ಮಳೆ, ಒಂದೇ ಮರಳು. ವ್ಯತ್ಯಾಸ ಇರುವುದು ಎಲೆಯಲ್ಲಿ ಮಾತ್ರ. ಪ್ರಯೋಗಾಲಯದಲ್ಲಿ ಕುಳಿತವರೂ ಹೀಗೇ ಯೋಚಿಸುತ್ತಾರೆ. ಮಿಮಿತಾ ಕಡ್ಡಿಯನ್ನು ಒರೆಸುತ್ತಲೇ ಇದ್ದಳು. ಅದು ಒಣಗಿ ಬಹಳ ಹೊತ್ತಾಗಿತ್ತು.

"ಇನ್ನೊಬ್ರ ಗುಂಡಿ ವಿಷಯ ನಾನು ಆಡೋ ಹಾಗಿಲ್ಲ, ತಾತ. ನಿಮ್ಮದನ್ನೂ ಅಲ್ಲಿ ಆಡಲ್ಲ."

"ಆಡ್ಬೇಡ. ಯಾರಿಗೂ ಹೇಳ್ಬೇಡ," ಎಂದ ಕೌಟುನ.

ಮರುವರ್ಷ ಮನೇಬಾಕ್ಕೆ ಹೊಸ ಗರಿ ಹೊದಿಸಿದರು. ಚಾವಣಿ ಏರಿದ ದಿನದ ಔತಣಕ್ಕೆ ಪ್ರತಿಯೊಂದು ಮನೆತನವೂ ತನ್ನ ಕಂಬದ ಬಳಿ ಕುಳಿತು ಬಬಾಯ್ ಮುಂದಿಡಬೇಕು. ಕೌಟುನ ಅದಕ್ಕೆಂದೇ ಒಂದು ಗಿಡವನ್ನು ಕಾದಿಟ್ಟಿದ್ದ. ಹೆಂಡತಿ ಸತ್ತ ವರ್ಷ ನೆಟ್ಟದ್ದು, ಹತ್ತೊಂಬತ್ತು ವರ್ಷದ್ದು. ಅದರ ಎಲೆಗಳು ಕೂಡ ಅಂಚು ಸುಟ್ಟಿದ್ದವು, ಆದರೆ ಕಾಂಡ ತೊಡೆಯಷ್ಟು ದಪ್ಪವಿತ್ತು. ಆ ಬೆಳಿಗ್ಗೆ ಅವನು ತೆಬೋರಾಳನ್ನು ಮೊದಲ ಬಾರಿಗೆ ಗುಂಡಿಯೊಳಕ್ಕೆ ಕರೆದ. ಒಬ್ಬನಿಂದ ಎತ್ತಲು ಆಗುವುದಿಲ್ಲ ಎಂದುಕೊಂಡಿದ್ದ.

ಅವಳು ಕೆಸರಿನಲ್ಲಿ ಮಂಡಿಯೂರಿ ಬುಡಕ್ಕೆ ಎರಡು ತೋಳು ಸುತ್ತಿ ಎಳೆದಳು. ಎಷ್ಟು ಸಲೀಸಾಗಿ ಬಂತೆಂದರೆ ಅವಳು ಹಿಂದಕ್ಕೆ ಬಿದ್ದಳು. ಗೆಡ್ಡೆ ಇರಬೇಕಾದ ಕಡೆ ಕಂದು ಲೋಳೆ. ಅದರ ನಡುವೆ ಎರಡು ಮುಷ್ಟಿಯಷ್ಟು ಗಟ್ಟಿ ಭಾಗ. ವಾಸನೆಗೆ ಅವಳು ಮೂಗು ಮುಚ್ಚಿಕೊಂಡಳು, ಆಮೇಲೆ ನಾಚಿ ಕೈ ತೆಗೆದಳು.

ಕೌಟುನ ಉಳಿದ ತುಣುಕನ್ನು ನೀರಲ್ಲಿ ಅದ್ದಿ, ಬೆರಳಿನಿಂದ ಉಜ್ಜಿ ಉಜ್ಜಿ ತೊಳೆದ. ಹಸುಗೂಸಿನ ತಲೆ ತೊಳೆಯುವ ಹಾಗೆ.

"ಇಷ್ಟನ್ನಾದ್ರೂ ಬೇಯಿಸಿ ತಗೊಂಡ್ಹೋಗೋಣ ಚಿಕ್ಕಪ್ಪ. ಚಿಕ್ಕದಾದ್ರೇನು."

"ಇದನ್ನ ನೋಡಿದ್ರೆ ಗುಂಡಿ ನೋಡಿದ ಹಾಗೇನೇ. ಬೇಡ. ಅನ್ನ ಮಾಡು."

ಅವರು ಒಂದು ಪಾತ್ರೆ ಅನ್ನ ಹೊತ್ತು ಹೋದರು. ಅನ್ನ ತಂದವರು ಬೇರೆಯವರೂ ಇದ್ದರು. ಎಲ್ಲರೂ ಏನೋ ಒಂದು ನೆಪ ಹೇಳಿದರು. ಒಬ್ಬನಿಗೆ ಬೆನ್ನು ನೋವು, ಇನ್ನೊಬ್ಬ ಗೆಡ್ಡೆಯನ್ನು ಮಗನ ಮದುವೆಗೆ ಇಟ್ಟಿದ್ದಾನೆ. ಬೌರೊನ ಅಳಿಯಂದಿರು ಮಾತ್ರ ಗಳುವಿನ ಮೇಲೆ ಒಂದು ಗೆಡ್ಡೆ ಹೊತ್ತು ತಂದು ಅವನ ಕಂಬದ ಮುಂದೆ ಇಳಿಸಿದರು. ಕರಿಯ, ಗಂಟುಗಂಟಾದ, ಹಂದಿಮರಿಯಷ್ಟು ದೊಡ್ಡದು. ಹಿರಿಯರು ತಲೆದೂಗಿದರು.

ಊಟದ ನಡುವೆ ಬೌರೊ ಕೂಗಿ ಕೇಳಿದ. "ಅನ್ನ ಹದವಾಗಿ ಬೆಂದಿದೆ ಕೌಟುನಾ. ನಿನ್ನ ಗುಂಡೀಲಿ ಬೆಳೆದದ್ದಾ?"

ಎಲ್ಲರೂ ನಕ್ಕರು. ಕೌಟುನನೂ ನಕ್ಕ, ನಗದಿದ್ದರೆ ಒಪ್ಪಿಕೊಂಡಂತೆ. ಬೌರೊನ ಕಡೆಯಿಂದ ಬಂದ ಬಬಾಯ್ ತುಂಡನ್ನು ಬಾಯಿಗಿಟ್ಟು ನಿಧಾನವಾಗಿ ಅಗಿದ. ಪಕ್ಕದಲ್ಲಿ ಕುಳಿತ ತೆಬೋರಾಗೆ ಮಾತ್ರ ಕೇಳಿಸುವಂತೆ ಹೇಳಿದ. "ಹದಿನೈದು ವರ್ಷದ್ದು. ಒಂದು ನಾರೂ ಕೆಟ್ಟಿಲ್ಲ."

ಆಮೇಲೆ ಅವನು ಊಟ ಕಡಿಮೆ ಮಾಡಿದ. ಸೊಂಟದ ನೋವು ಎದೆಗೆ ಬಂತು ಎನ್ನುತ್ತಿದ್ದ. ಆಸ್ಪತ್ರೆಯ ದೋಣಿ ಹತ್ತಲು ಒಪ್ಪಲಿಲ್ಲ. ಜ್ಯೇಷ್ಠಾ ಮುಳುಗುವ ದಿನಗಳಲ್ಲಿ ಒಂದು ಬೆಳಿಗ್ಗೆ ತೆಬೋರಾಳನ್ನು ಹತ್ತಿರ ಕೂರಿಸಿಕೊಂಡು, ಹೊಲಿಗೆ ಯಂತ್ರ ನಿಲ್ಲಿಸು ಎಂದ.

"ಕಿವಿ ಕೊಡು."

ಎರಡು ವರ್ಷ ಅವಳು ಕಾದದ್ದು ಈ ಮಾತಿಗೆ. ಮೂರು ಬೆಳಗು ಅವನು ಹೇಳಿದ, ಅವಳು ತಿರುಗಿ ಒಪ್ಪಿಸಿದಳು. ನಾಲ್ಕು ಎಲೆ. ಯಾವುದು ನೆರಳಿನಲ್ಲಿ ಒಣಗಬೇಕು, ಯಾವುದನ್ನು ಕೊಚ್ಚಬೇಕು, ಯಾವುದರ ಮೇಲೆ ಊರಿ ಮರದಡಿಯ ಕಪ್ಪು ಮಣ್ಣು, ಎಷ್ಟನೆಯ ಎಲೆ ಬಿಚ್ಚಿದಾಗ ಬುಟ್ಟಿಯನ್ನು ಅಗಲಿಸಬೇಕು. ಮೂರನೆಯ ದಿನ ಕೊನೆಯಲ್ಲಿ ತಂದೆಯ ಅರ್ಧ ಮಾತನ್ನೂ ಹೇಳಿದ.

"ಅದೇನು ಅಂತ ನನಗೆ ಸಿಕ್ಕಿಲ್ಲ. ಹುಡುಕ್ದೆ. ಅದಿಲ್ದೆ ಇದು ಪೂರ್ತಿ ಅಲ್ಲ ಮಗಳೇ. ಅರ್ಧ ಕೊಡ್ತಿದ್ದೀನಿ ನಿಂಗೆ."

"ಮೂವತ್ತು ವರ್ಷ ಚೆನ್ನಾಗೇ ಬೆಳೀತಲ್ಲ ಚಿಕ್ಕಪ್ಪ, ಆ ಇನ್ನೊಂದು ಇಲ್ದೇನೇ."

"ಅದು ಅಪ್ಪ ಹಾಕಿಟ್ಟಿದ್ದ ಮಣ್ಣು. ಅದರ ಮೇಲೆ ಬೆಳೀತು. ಅದು ತೀರ್ತು, ನನ್ನ ಮಣ್ಣು ಶುರುವಾಯ್ತು. ನೀನು ಹೇಳಿದ್ದಕ್ಕೆಲ್ಲ ಉತ್ತರ ಯೋಚ್ನೆ ಮಾಡಿಟ್ಟಿದ್ದೀನಿ ಕಣಮ್ಮ. ಒಂಬತ್ತು ವರ್ಷ ಬೇರೇನೂ ಯೋಚ್ನೆ ಮಾಡಿಲ್ಲ," ಎಂದ.

ಪಡುವಣ ಗಾಳಿ ತಿರುಗುವ ಮೊದಲೇ ಅವನು ಸತ್ತ. ಬೌರೊ ಬಂದು ಮೂರು ದಿನ ಶವದ ಪಕ್ಕ ಕುಳಿತ, ಹಾಡಿದ, ಸಮಾಧಿಗೆ ಬಿಳಿಯ ಹರಳುಗಳನ್ನು ತಾನೇ ಆರಿಸಿ ತಂದ. ಗುಂಡಿಯ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ.

ಗುಂಡಿ ತೆಬೋರಾಗೆ ಬಂತು, ಯಾರೂ ತಕರಾರು ಮಾಡಲಿಲ್ಲ. ಉಳಿದ ಒಂಬತ್ತು ಗಿಡಗಳ ನಡುವೆ ನಿಂತು ಅವಳು ಕೌಟುನ ಬಿಟ್ಟ ಕಡೆಯಿಂದ ಹುಡುಕಲು ತೊಡಗಿದಳು. ಐದನೆಯ ಎಲೆಯೆಂದು ಕಡಲ ದಂಡೆಯ ಬೆಳ್ಳನೆಯ ಪೊದೆಯ ಸೊಪ್ಪನ್ನು ಹಾಕಿದಳು. ಬೂದಿ ಹಾಕಿದಳು. ಒಂದು ಸಲ ಪಾಚಿ ತಂದು ತೊಳೆದು ಹಾಕಿದಳು. ತೊಳೆದದ್ದು ಸಾಲದೆ ಎರಡು ಗಿಡ ವಾರದಲ್ಲಿ ಮಲಗಿದವು. ಆ ತಪ್ಪನ್ನು ಯಾರಿಗೂ ಹೇಳುವ ಹಾಗಿರಲಿಲ್ಲ. ಅವಳೂ ಬೇಲಿಗೆ ಗರಿ ಸೇರಿಸಿದಳು. ಅವಳೂ ಒಂಬತ್ತು ಬಗೆಯ ಎಲೆ ಕೂಡಿಸಿದಳು. ದಾರಿಯಲ್ಲಿ ಸಿಕ್ಕವರು ಗುಂಡಿ ಹೇಗಿದೆ ಎಂದರೆ "ಪರವಾಗಿಲ್ಲ, ಎಲೆ ಬಿಟ್ಟಿದೆ" ಎಂದಳು. ಮಳೆಗಾಲ ಮುಗಿಯುವಾಗ ಮೂರು ಗಿಡ ಇದ್ದವು. ಅಂಚು ಸುಡದ ಎಲೆ ಒಂದೂ ಇರಲಿಲ್ಲ.

ಅದೇ ವರ್ಷ ಮಿಮಿತಾಗೆ ಬೇರೆ ದ್ವೀಪಕ್ಕೆ ವರ್ಗವಾಯಿತು. ಹೋಗುವ ಮುಂಚೆ ಅವಳು ತನ್ನ ಅಳತೆಗಳ ಮೊತ್ತವನ್ನು ಮನೇಬಾದಲ್ಲಿ ಓದಬೇಕಿತ್ತು. ಹೆಸರುಗಳನ್ನು ಓದುವುದಿಲ್ಲ ಎಂದು ಮೊದಲೇ ಹೇಳಿದಳು. ಊರಿನ ಗುಂಡಿಗಳು ನಲವತ್ತಮೂರು. ಅವುಗಳಲ್ಲಿ ಬಬಾಯ್ ಬದುಕಲಾರದಷ್ಟು ಉಪ್ಪಾದವು ಮೂವತ್ತೊಂಬತ್ತು. ಓದಿ ಕಾಗದ ಮಡಿಸಿದಳು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಪ್ರತಿಯೊಬ್ಬರೂ ಆ ಮೂವತ್ತೊಂಬತ್ತರಲ್ಲಿ ತನ್ನದೊಂದನ್ನು ಬಿಟ್ಟು ಉಳಿದ ಮೂವತ್ತೆಂಟನ್ನು ಮೊದಲ ಬಾರಿಗೆ ಕೇಳಿಸಿಕೊಳ್ಳುತ್ತಿದ್ದರು.

ಸಭೆ ಕರಗಿದ ಮೇಲೆ ಬೌರೊ ತಾನಾಗಿ ತೆಬೋರಾಳ ಪಕ್ಕ ಬಂದು ಕುಳಿತ. ಕಾಲು ಚಾಚಿ, ಮಂಡಿ ಉಜ್ಜಿಕೊಳ್ಳುತ್ತ, ಅವಳ ಕಡೆ ನೋಡದೆ ಹೇಳಿದ. ಕ್ರಿಸ್‌ಮಸ್‌ಗೆ ತರುತ್ತಿದ್ದ ಗೆಡ್ಡೆಗಳು, ಮನೇಬಾದ ಔತಣಕ್ಕೆ ತಂದ ಆ ದೊಡ್ಡದು, ಎಲ್ಲವೂ ಅವನ ಹೆಂಡತಿಯ ತವರಾದ ಬುಟಾರಿಟಾರಿ ದ್ವೀಪದಿಂದ ದೋಣಿಯಲ್ಲಿ ಬಂದವು. ಮಿಮಿತಾ ದ್ವೀಪಕ್ಕೆ ಬಂದ ವರ್ಷ ಅಳತೆಯ ಕಡ್ಡಿಯನ್ನು ಮೊಟ್ಟಮೊದಲು ಅದ್ದಿದ್ದು ಅವನ ಗುಂಡಿಯಲ್ಲಿ. ಕೌಟುನನ ಮೊದಲ ಎಲೆಯ ಅಂಚು ಕಂದುವುದಕ್ಕೆ ಎರಡು ವರ್ಷ ಮುಂಚೆಯೇ ಅಲ್ಲಿ ಒಂದು ಗಿಡವೂ ಉಳಿದಿರಲಿಲ್ಲ.